ಕೋಳಿಗೆ ಹೋದ ಹೂವು

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹಾಲು ಒಲೆಗಿಟ್ಟು, ಮಗಳ ಡಬ್ಬಿಗೆಂದು ಮೊಟ್ಟೆ ಒಡೆಯುತ್ತಿದ್ದೆ. ಒಳಕೋಣೆಯಲ್ಲಿ ಅವಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದಳು. ಕ್ರಾಂತಿಗಳ ಪಾಠ. ರಾಜನನ್ನು ಇಳಿಸಿದ್ದು, ಹಬೆಯ ಯಂತ್ರ ಕಂಡುಹಿಡಿದದ್ದು, ಕೈಮಗ್ಗದವರು ಕಾರ್ಖಾನೆ ಕೂಲಿಗೆ ಹೋದದ್ದು, ಎಲ್ಲ ಒಂದೇ ಉಸಿರಿಗೆ. ಬಟ್ಟಲಿಗೆ ಬಿದ್ದ ಮೊಟ್ಟೆಯ ಹಳದಿ ನೋಡಿ ನನ್ನ ಕೈಯ ಚಮಚ ಹಾಗೇ ನಿಂತಿತು. ಕಿತ್ತಳೆಗೆ ತಿರುಗಿದ, ಮಿನುಗುವ ಬಣ್ಣ. ನಮ್ಮ ಗುಂಡ್ಲುಪೇಟೆಯ ಹೊಲಗಳಲ್ಲಿ ಮಳೆಗಾಲಕ್ಕೆ ತುಂಬಿಕೊಳ್ಳುವ ಚೆಂಡುಹೂವಿನದೇ ಬಣ್ಣ. ಅಷ್ಟು ಚೆಂದದ ಬಣ್ಣ ಕಂಡರೆ ನನಗೆ ಅನುಮಾನ. ಈ ಅನುಮಾನವನ್ನು ನನಗೆ ಅಂಟಿಸಿ ಹೋದವರು ಹೂವಿನಜ್ಜಿ.

ನಾನು ಚಾಮರಾಜನಗರದ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದ ಹೊಸತು. ದಿನಾ ಬೆಳಿಗ್ಗೆ ಗೇಟಿನ ಹತ್ತಿರ "ಊವವ್ವಾ..." ಅನ್ನುವ ದನಿ. ಹಣೆ ತುಂಬ ವಿಭೂತಿ, ಸೊಂಟದ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ. ಊರಾಚೆ ಬಾವಿಯ ಪಕ್ಕ ಅವರಿಗೊಂದು ತುಂಡು ಹೊಲವಿತ್ತು. ಕನಕಾಂಬರ, ಸೇವಂತಿಗೆ, ಒಂದು ಸಾಲು ಮಲ್ಲಿಗೆ. ಮೊದಲ ಬೊಗಸೆ ಈಶ್ವರನ ಗುಡಿಗೆ, ಉಳಿದದ್ದು ನಮ್ಮ ಬೀದಿಗೆ. ಮೊಳ ಹಾಕುವಾಗ ಬೆರಳ ತುದಿ ದಾಟಿಸಿ ಇನ್ನಷ್ಟು ಬಿಡುತ್ತಿದ್ದರು. ಮಿಕ್ಕ ಹೂವನ್ನು ಮಾರನೆಯ ದಿನ ಸುಮ್ಮನೆ ಕೇಳಿದರೂ ಕೊಡುತ್ತಿರಲಿಲ್ಲ.

"ಬಾಡಿದ್ದ ಮುಡ್ಕಂಡೋದ್ರೆ ನನ್ ಮರ್ವಾದಿ ಓಯ್ತದೆ ಕಣವ್ವ."

ಹೂವಿನಿಂದ ಬಣ್ಣ ತೆಗೆಯುವ ಕಂಪನಿಯವರು ಬಂದು ಚೆಂಡುಹೂವಿನ ಬೀಜ ಹಂಚತೊಡಗಿದಾಗ, ಅಜ್ಜಿಯ ಮಗ ತನ್ನ ಪಾಲಿನ ಹೊಲವನ್ನೆಲ್ಲ ಅದಕ್ಕೇ ಬಿಟ್ಟ. ಬಾವಿ ಪಕ್ಕದ ತುಂಡೂ ಬೇಕೆಂದು ಹಟ ಹಿಡಿದ. ಅಜ್ಜಿ ಒಂದು ದಿನ ಬುಟ್ಟಿ ಇಳಿಸಿ ನಮ್ಮ ಜಗಲಿಯ ಮೇಲೆ ಕೂತೇಬಿಟ್ಟರು.

"ಗೊಬ್ಬರ ತುಂಬ್ದಂಗೆ ಚೀಲಕ್ಕೆ ತುಂಬ್ತಾರೆ ಕಣವ್ವ, ಊವ. ಬಾಡಿದ್ರೂ ಸೈಯಂತೆ, ಕೊಳ್ತ್ರೂ ಸೈಯಂತೆ. ಕೊಳ್ತ ಊವ ಕಾಸು ಕೊಟ್ಟು ತಕಂಡೋಗೋನ ನಂಬಾದೆಂಗೆ? ನೀನು ಇಂಗ್ಲೀಸ್ ಓದಿದ್ದೀಯೆ. ಆ ಪ್ಯಾಂಟಿನವನ್ನ ಕೇಳ್ಬುಡು, ಇದೆಲ್ಲ ಎಲ್ಲಿಗೋಯ್ತದೆ ಅಂತ."

ಆ ಪ್ಯಾಂಟಿನವನು, ಕಂಪನಿಯ ಹುಡುಗ, ನಮ್ಮ ಬೀದಿಯಲ್ಲೇ ರೂಮು ಹಿಡಿದಿದ್ದ. ಕೇಳಿದೆ. ಮೊದಲು "ಔಷಧಿಗೆ ಮೇಡಂ" ಅಂದ. ಇನ್ನೊಂದು ದಿನ "ಫಾರಿನ್ನಿಗೆ" ಅಂದ. ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದ ಮೇಲೆ ನನಗೂ ಸಂಶಯ ಹತ್ತಿತು. ಮತ್ತೆ ಕೇಳಿದಾಗ ನಕ್ಕುಬಿಟ್ಟ. ಹೂವಿನ ಸಾರವನ್ನು ಕೋಳಿ ಮೇವಿಗೆ ಬೆರೆಸುತ್ತಾರಂತೆ, ಮೊಟ್ಟೆಯೊಳಗಿನ ಹಳದಿಗೆ ಬಣ್ಣ ಬರಲಿ ಅಂತ.

ಮೊಟ್ಟೆ ಮುಟ್ಟದ ಅಜ್ಜಿಗೆ ಇದನ್ನು ಹೇಳುವುದು ಹೇಗೆ? ಒದ್ದಾಡಿ, ಕಡೆಗೆ ಹೇಳಿದೆ. ಸಿಡುಕುತ್ತಾರೆ ಅಂದುಕೊಂಡಿದ್ದೆ. ಹೂ ಕಟ್ಟುತ್ತಿದ್ದ ಕೈ ನಿಲ್ಲಲೂ ಇಲ್ಲ.

"ಕೋಳಿ ತಿಂದ್ರೆ ತಿನ್ಲಿ ಬುಡು, ಅದೂ ಶಿವನ್ದೇ. ಆದ್ರೆ ಮೊಟ್ಟೆಗೆ ಅದರ್ದೇ ಬಣ್ಣ ಇತ್ತಲ್ಲವ್ವ?"

"ಇತ್ತು ಅಜ್ಜಿ."

"ಮತ್ತೆ ಅದೆಲ್ಲೋಯ್ತು? ಕೋಳಿಗೆ ಏನೋ ಮಾಡವ್ರೆ. ಮಾಡ್ಬುಟ್ಟು, ಅದ ಮುಚ್ಚಾಕಕೆ ನನ್ ಒಲ ಕೇಳ್ತಾವ್ರೆ."

ಕಾನ್ವೆಂಟಿನಲ್ಲಿ ಸಿಸ್ಟರ್ ಪುಟದ ನಡುವೆ ಗೆರೆ ಎಳೆಸಿ, ಕ್ರಾಂತಿಯ ಕಾರಣಗಳನ್ನು ಎಡಕ್ಕೂ ಪರಿಣಾಮಗಳನ್ನು ಬಲಕ್ಕೂ ಬರೆಸುತ್ತಿದ್ದರು. ಒಂದು ಕಾರ್ಖಾನೆ ಕೆಡಿಸಿದ್ದನ್ನು ಮುಚ್ಚಲು ಇನ್ನೊಂದು ಕಾರ್ಖಾನೆ ಹುಟ್ಟುತ್ತದೆ ಎಂದು ಯಾವ ಕಡೆಗೂ ಬರೆಸಿದ ನೆನಪಿಲ್ಲ.

ಅಜ್ಜಿ ಹೊಲ ಬಿಡಲಿಲ್ಲ. ಆದರೆ ಅವರ ಜೊತೆ ಕನಕಾಂಬರ ಬಿಡಿಸಿ ಕಟ್ಟುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಚೆಂಡುಹೂವಿನ ಕೂಲಿಗೆ ಟ್ರ್ಯಾಕ್ಟರ್ ಹತ್ತಿದರು. ಅವರನ್ನು ಬೈಯುವ ಹಾಗೂ ಇರಲಿಲ್ಲ. ಅಲ್ಲಿ ಕೂಲಿ ಹೆಚ್ಚು, ನಸುಕಿಗೆ ಏಳುವ ಕಷ್ಟವಿಲ್ಲ. ಬುಟ್ಟಿ ಹಗುರವಾಗುತ್ತ ಬಂತು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ದನಿ ಕೇಳಲಿಲ್ಲ, ಮಾರನೆಯ ದಿನವೂ...

ಆಮೇಲೆ ಅವರನ್ನು ಕಂಡದ್ದು ಹೊಲದಲ್ಲಿ. ಕೇರಳದ ಕಾರುಗಳು ರಸ್ತೆ ಬದಿಗೆ ನಿಂತಿದ್ದವು, ಬಂದವರು ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರ ಹಿಂದೆ, ಮಗನ ಹೊಲದಲ್ಲಿ, ಅಜ್ಜಿ ಚೀಲಕ್ಕೆ ಹೂ ತುಂಬುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

"ಬಾವಿ ಪಕ್ಕದ್ದ ಕೊಟ್ಟಿಲ್ಲ ಕಣವ್ವ."

ಅಜ್ಜಿ ತೀರಿಹೋಗಿ ವರ್ಷಗಳಾದವು. ಈಗ ಹೂವು ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ. ಎಲ್ಲಿಯದೆಂದು ಕೇಳಿದರೆ ಅಂಗಡಿಯವನು ನನ್ನನ್ನೇ ಅನುಮಾನದಿಂದ ನೋಡುತ್ತಾನೆ. ಬಸ್ಸಿನಲ್ಲಿ ಹೋಗುವಾಗಲೆಲ್ಲ ಬಾವಿಯ ಕಡೆ ಕಣ್ಣು ಹಾಯಿಸುತ್ತಿದ್ದೆ. ನೋಡುವವರಿಲ್ಲದೆ ಹಬ್ಬಿಕೊಂಡ ಕನಕಾಂಬರ. ಅಷ್ಟಾದರೂ ಅವರದೆಂದು ಉಳಿಯಿತಲ್ಲ ಅನ್ನಿಸುತ್ತಿತ್ತು.

ಇವತ್ತು ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಸೊಪ್ಪು ಬಿಡಿಸುತ್ತ, ಗ್ಯಾಸು ಬಂದದ್ದು, ನೀರು ಬಾರದ್ದು ಎಲ್ಲ ಹೇಳಿ ಮುಗಿಸಿ, ಒಳಗೆ ಹೋಗುವಾಗ ತಿರುಗಿ ನಿಂತಳು.

"ಊವಿನಜ್ಜಿ ಮಗ ಆ ಬಾವಿ ಪಕ್ಕದ ತುಂಡ ಸೋಲಾರ್‌ನವರಿಗೆ ಕೊಟ್ಬುಟ್ನಂತೆ ಕಣಕ್ಕ, ಮೊನ್ನೆ ಗಿಡ ಎಲ್ಲ ಕಿತ್ತಾಕುದ್ರು. ಏನೂ ಬೆಳೆಯಾದು ಬ್ಯಾಡ್ವಂತೆ, ಬಿಸ್ಲು ಬಿದ್ರೆ ಸಾಕಂತೆ."