ರೇಣುಕಾಳ ಮದುವೆಗೆ ನಾನು ಮಾಡಿದ ಆಹೇರಿ

ರೇಣುಕಾಳ ಮದುವೆಯಲ್ಲಿ ನಾನು ಮಾಡಿದ ಆಹೇರಿಗೆ, ಅಂದರೆ ಉಡುಗೊರೆಗೆ, ನನ್ನ ಕೈಯಿಂದ ಏನೂ ಖರ್ಚಾಗಿರಲಿಲ್ಲ. ಅದು ಗಾಳ. ಗಾಳವೆಂದು ಗೊತ್ತಿದ್ದೇ ಕೊಟ್ಟೆ.

ಇದನ್ನು ಬಾಯಿಬಿಟ್ಟು ಹೇಳಿದ್ದು ನಿನ್ನೆ, ಸೋಮವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಕಿತ್ತೂರಿನ ಹೆದ್ದಾರಿ ಬದಿಯ ಹೋಟೆಲು, ಮೇಲಂತಸ್ತಿನ ಹಾಲು. ನಮ್ಮ ಮೇಜಿನಲ್ಲಿ ಇದ್ದವರು ನನ್ನ ಗೆಳತಿ ಕಸ್ತೂರಿ, ಅವಳ ಮಗಳು ರೇಣುಕಾ, ಅಳಿಯ ಬಸವರಾಜ, ರಜಾ-ಕ್ಲಬ್ಬಿನ ಒಬ್ಬ ಟೈ ಕಟ್ಟಿದ ಮನುಷ್ಯ, ಮತ್ತು ನಾನು. ನಾನು ಬೈಲಹೊಂಗಲದಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದವಳು. ಪಾಳಿ ಬಿಟ್ಟುಕೊಡುವಾಗ ದಿನ, ಹೊತ್ತು, ಯಾರಿದ್ದರು, ಏನಾಯಿತು ಎಂದು ಮುಂದಿನವಳಿಗೆ ಒಪ್ಪಿಸದೆ ವಾರ್ಡಿನ ಬಾಗಿಲು ದಾಟಬಾರದು ಎಂದು ಕಲಿತವಳು, ಹತ್ತಾರು ಹುಡುಗಿಯರಿಗೆ ಕಲಿಸಿದವಳು. ಅವರಲ್ಲಿ ಕಸ್ತೂರಿಯೂ ಒಬ್ಬಳು. ಈ ಒಂದು ಸಂಗತಿಯನ್ನು ಮಾತ್ರ ಯಾರಿಗೂ ಒಪ್ಪಿಸದೆ ವರ್ಷಗಟ್ಟಲೆ ಬಾಗಿಲು ದಾಟುತ್ತಲೇ ಬಂದೆ.

ನಿವೃತ್ತಿಯಾದ ಹೊಸದರಲ್ಲಿ ಆ ಕ್ಲಬ್ಬಿಗೆ ಸೇರಿದೆ. ಮಗಳನ್ನು ಪುಣೆಗೆ ಕೊಟ್ಟಿದ್ದೇನೆ. ಹೋದಾಗಲೆಲ್ಲ ಬೀಗರ ಮನೆಯ ನಡುಮನೆಯಲ್ಲಿ ಹಾಸಿಗೆ ಹಾಸಿಕೊಳ್ಳುವುದು, ಅವರು ಏಳುವವರೆಗೆ ಸ್ನಾನಕ್ಕೆ ಕಾಯುವುದು — ಬೆಳಗಿನ ಐದಕ್ಕೆ ಮೈತೊಳೆದು ಮುಗಿಸುವ ನನಗೆ ಅದು ಆಗದು. ಒಮ್ಮೆ ಹಣ ಕಟ್ಟಿ ಸೇರಿದರೆ ವರ್ಷವರ್ಷ ಪಾಯಿಂಟು ಕೊಡುತ್ತೇವೆ, ಆ ಪಾಯಿಂಟಿಗೆ ಎಲ್ಲಿ ಬೇಕಾದರೂ ಸ್ವಂತ ಮನೆಯಂಥ ಕೋಣೆ, ಯಾರ ಹಂಗೂ ಇಲ್ಲ ಎಂದರು ಕ್ಲಬ್ಬಿನವರು. 'ಹಂಗಿಲ್ಲ' ಎಂಬ ಮಾತಿಗೆ ಸೋತೆ.

ಕೋಣೆ ಕೇಳಿದಾಗಲೆಲ್ಲ ಖಾಲಿ ಇರುತ್ತಿರಲಿಲ್ಲ. ದೀಪಾವಳಿಗೆ ಇಲ್ಲ, ಬೇಸಿಗೆಗೆ ಇಲ್ಲ. "ಇನ್ನೂ ಸ್ವಲ್ಪ ಪಾಯಿಂಟ್ ತಗೊಂಡಿದ್ರೆ ಸಿಗ್ತಿತ್ತು ಮೇಡಂ" ಎನ್ನುವರು. ಹೋಗಲಿ ಬಿಡಲಿ, ವರ್ಷದ ನಿರ್ವಹಣೆಯ ಹಣ ಕಟ್ಟಲೇಬೇಕು. ಬಿಡುತ್ತೇನೆಂದರೆ ಬಿಡಲು ಬಾಗಿಲಿಲ್ಲ. ಯಾರಿಗೂ ಹೇಳಲಿಲ್ಲ — ವಾರ್ಡಿನಲ್ಲಿ ಎಲ್ಲರಿಗೂ ಬುದ್ಧಿ ಹೇಳಿದವಳು ಮೋಸಹೋದೆ ಎಂದು ಹೇಗೆ ಹೇಳುವುದು?

ಆಗ ಫೋನಿನಲ್ಲಿ ಒಂದು ಸಿಹಿ ದನಿ ದಾರಿ ತೋರಿಸಿತು. ಹೊಸದಾಗಿ ಮದುವೆಯಾಗುವ ಜೋಡಿ ಗೊತ್ತಿದ್ದರೆ ಗೋವಾದಲ್ಲಿ ಮೂರು ದಿನದ ಕೋಣೆಯ ಲಕೋಟೆಯನ್ನು ಕ್ಲಬ್ಬೇ ಪುಕ್ಕಟೆ ಕಳಿಸುತ್ತದೆ. ನಿಮ್ಮ ಹೆಸರಿನಲ್ಲಿ ಕೊಡಿ. ಅಲ್ಲಿ ಒಂದು ದಿನ ಕ್ಲಬ್ಬಿನವರ ಮಾತು ಕೇಳಲು ಅವರು ಕೂರಬೇಕು, ಅಷ್ಟೆ. ಅವರು ಸೇರಿದರೆ ನಿಮ್ಮ ಎರಡು ವರ್ಷದ ನಿರ್ವಹಣೆಯ ಹಣ ಮಾಫಿ.

ಆ ತಿಂಗಳಲ್ಲೇ ಕಸ್ತೂರಿಯ ಮಗಳ ಮದುವೆ.

ನಮ್ಮ ಕಡೆ ಆಹೇರಿಗೆ ಒಂದು ಕಟ್ಟಳೆ ಇದೆ. ಬಂದದ್ದಕ್ಕಿಂತ ಒಂದು ಗುಂಜಿ ಹೆಚ್ಚಾಗಿ ತಿರುಗಿಸಬೇಕು. ಒಳಗೇನಿದೆ ಎಂದು ಕೇಳಬಾರದು, ಬೇಡ ಎನ್ನಬಾರದು. ಬೇಡ ಎಂದರೆ ನಂಟು ಹರಿದಂತೆ. ನನ್ನ ಮಗಳ ಮದುವೆಗೆ ಕಸ್ತೂರಿ ಇಲಕಲ್ ಸೀರೆಯ ಮೇಲೆ ಬೆಳ್ಳಿಯ ಆರತಿ ತಟ್ಟೆ ಇಟ್ಟು ತಂದಿದ್ದಳು. ಅದಕ್ಕಿಂತ ಹೆಚ್ಚಿನದು ನಾನು ಮಾಡಬೇಕಿತ್ತು. ಲಕೋಟೆಗೆ ಕೆಂಪು ಮಕಮಲ್ಲಿನ ಚೀಲ ಹೊಲಿಸಿದೆ. ಹೊಲಿಗೆಯಷ್ಟೇ ನನ್ನದು.

ಕಸ್ತೂರಿಯ ಊರು ಮುರಗೋಡದ ಮದುವೆ ಹಂದರದಲ್ಲಿ ಆಹೇರಿ ಓದುವ ಹಿರಿಯ ಮೈಕಿನಲ್ಲಿ ಕೂಗಿದ: "ಸುಮಿತ್ರಾ ಸಿಸ್ಟರ್ ಅವರಿಂದ — ಗೋವಾದಾಗ ಮೂರು ದಿನಾ! ಏ ಮದುಮಗಾ, ಸಮುದ್ರಕ್ಕ ಹೊಂಟೀಯಪಾ, ಮೊದಲ ಈಜ ಕಲಿ!" ಜನ ಕೇಕೆ ಹಾಕಿದರು. ಕಸ್ತೂರಿ ಓಡಿಬಂದು ನನ್ನ ಕೈ ಹಿಡಿದು, "ಅಕ್ಕಾ, ಇದನ್ನ ನಾ ಹೆಂಗ ತಿರಗಸ್ಲಿ? ನನ್ನ ಸಾಯಿಸಿಬಿಟ್ಟಿ ನೋಡ" ಎಂದಳು. ನಗುತ್ತಿದ್ದಳು. ಕಣ್ಣು ತುಂಬಿತ್ತು. ನಾನೂ ನಕ್ಕೆ —

ಇಷ್ಟಕ್ಕೇ ನಿಂತಿದ್ದರೆ ಸಣ್ಣತನ ಎನ್ನಬಹುದಿತ್ತು. ನಿಲ್ಲಲಿಲ್ಲ.

ಮದುವೆಯಾದ ಎರಡನೆಯ ವಾರ ಒಂದು ಮಧ್ಯಾಹ್ನ ರೇಣುಕಾ ಗೋವಾದಿಂದ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಹಾಡು, ಯಾರೋ ಚಪ್ಪಾಳೆ ತಟ್ಟುವ ಸದ್ದು. ನಾನು ಸೀರೆಗೆ ಇಸ್ತ್ರಿ ಮಾಡುತ್ತಿದ್ದೆ.

"ದೊಡ್ಡವ್ವಾ, ಇವರು ಮುಂಜಾನಿಂದ ಕುಂದರಿಸ್ಕೊಂಡಾರ. ಪಾಯಿಂಟ ತಗೋರಿ ಅಂತಾರ. ಬ್ಯಾಡ ಅಂದ್ರ ನಿಮ್ಮ ಆಹೇರಿಗೆ ಅವಮಾನ ಮಾಡಿದಂಗ ಆಗತೈತೆಲ್ಲ ಅಂತ ನಮ್ಮವರು ಸುಮ್ನ ಕುಂತಾರ. ಸಹಿ ಮಾಡ್ಲೇನ್ರಿ? ನೀವು ಹೆಂಗಂತೀರಿ ಹಂಗ."

ಅವಳು ಹುಟ್ಟಿದ ರಾತ್ರಿ ಹೊಕ್ಕುಳಬಳ್ಳಿ ಕತ್ತರಿಸಿದವಳು ನಾನು. ಒಂದು 'ಬ್ಯಾಡ' ಸಾಕಿತ್ತು. ನಾನು ಏನೆಂದೆ?

"ಛಲೋ ಐತಿ. ಮಾಡ್ರಿ."

ಫೋನು ಇಟ್ಟು ಸೀರೆಯ ಉಳಿದ ಮಡಿಕೆಗಳನ್ನು ಮುಗಿಸಿದೆ. ಒಂದು ಸುಕ್ಕೂ ಉಳಿಯದಂತೆ. ಅದು ನೆನಪಾದಾಗಲೆಲ್ಲ —

ಬಸವರಾಜನದು ರಾಮದುರ್ಗದಲ್ಲಿ ಫ್ಯಾನು, ಮಿಕ್ಸರ್ ದುರಸ್ತಿಯ ಅಂಗಡಿ. ರೇಣುಕಾ ಬ್ಯೂಟಿ ಪಾರ್ಲರಿನ ಕೆಲಸ ಕಲಿತು, ಸ್ವಂತದ್ದು ತೆರೆಯಬೇಕೆಂದು ಜಾಗ ಗೊತ್ತುಮಾಡಿದ್ದಳು. ಜಾಗ ಬಿಟ್ಟುಕೊಟ್ಟಳು, ಕ್ಲಬ್ಬಿನ ಕಂತು ಇತ್ತಲ್ಲ. ಆಮೇಲೆ ಅವರು ಎಲ್ಲಿಗೂ ಹೋಗಲಿಲ್ಲ, ಕೋಣೆ ಸಿಗಲಿಲ್ಲ. ನನ್ನೆದುರು ಒಮ್ಮೆಯೂ ಗೊಣಗಲಿಲ್ಲ. ಸವದತ್ತಿಯಲ್ಲಿ ಒಮ್ಮೆ ಎದುರಾದಾಗ ಬಸವರಾಜ, "ದೊಡ್ಡವ್ವಾರ, ನಮ್ಮ ಪಾಯಿಂಟ ಕೋಳಿ ಕಾವಿಗೆ ಕೂತಂಗ ಕೂತಾವ್ರಿ, ಮರಿ ಮಾತ್ರ ಇಲ್ಲ" ಎಂದು ನಗಿಸಿದ. ನನ್ನ ಎರಡು ವರ್ಷ ಮಾಫಿಯಾಯಿತು. ಆಮೇಲೆ ನಾನೂ ಮತ್ತೆ ಕಟ್ಟತೊಡಗಿದೆ. ಒಂದೇ ಬಲೆಯಲ್ಲಿ ಮೂವರು. ಬಲೆಗೆ ಎಳೆದವಳು ಯಾರೆಂಬುದು ಒಬ್ಬಳಿಗೆ ಮಾತ್ರ ಗೊತ್ತು.

ಈ ವರ್ಷ ನನ್ನ ಮಗಳಿಗೆ ಹೆಣ್ಣು ಮಗು. ತೊಟ್ಟಿಲ ಕಾರ್ಯ ಗೊತ್ತಾಯಿತು. ಕ್ಲಬ್ಬಿನವರು ಸದಸ್ಯರನ್ನೆಲ್ಲ ಕಿತ್ತೂರಿಗೆ ಕರೆದದ್ದೂ ಆಗಲೇ. ಪಾಯಿಂಟು ಹೆಚ್ಚಿಸಿಕೊಳ್ಳುವುದೋ, ಸದಸ್ಯತ್ವ ಬಿಡುವುದೋ, ಕೂತು ಮಾತಾಡೋಣ ಎಂದರು. ಹಿಂದಿನ ದಿನ ಆ ಟೈಯವನು ನನಗೆ ಬೇರೆಯಾಗಿ ಫೋನು ಮಾಡಿದ. "ರೇಣುಕಾ ಮೇಡಂ ಹೆಚ್ಚಿನ ಪಾಯಿಂಟ್ ತಗೊಂಡ್ರೆ, ನಿಮ್ಮ ಹಳೇ ಸದಸ್ಯತ್ವ ನಾವು ವಾಪಸ್ ತಗೋತೀವಿ. ನೀವು ಹೊರಗೆ. ನೀವೊಂದು ಮಾತು ಹೇಳಿದ್ರೆ ಅವರು ಕೇಳ್ತಾರಲ್ಲ."

ಕೇಳುತ್ತಾರೆಂದು ನನಗೂ ಗೊತ್ತಿತ್ತು. ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ನೆಟ್ಟಗೆ ಬಸ್ಸು ಹತ್ತಿ ಕಿತ್ತೂರಿಗೆ ಹೋದೆ.

ಕಸ್ತೂರಿ ಹೊಸ ಸೀರೆಯುಟ್ಟು ಬಂದಿದ್ದಳು. ಕುರ್ಚಿ ನನ್ನ ಪಕ್ಕಕ್ಕೆ ಎಳೆದುಕೊಂಡು, "ಅಕ್ಕಾ, ಇವತ್ತ ನೀ ಬಾಯಿ ಮುಚ್ಕೊಂಡ ಕುಂದರಬೇಕ. ಮಾತಾಡಾಕ ಹತ್ತಿದ್ರ ಥರ್ಮಾಮೀಟರ್ ತುರಕತೇನಿ" ಎಂದಳು. ಹೇಳಲು ಬಂದದ್ದು ಇದು: ರೇಣುಕಾ ಹೆಚ್ಚಿನ ಪಾಯಿಂಟು ಕೊಳ್ಳುತ್ತಾಳೆ. ಅದರಲ್ಲಿ ಒಂದು ಪಾಲು ನನ್ನ ಮೊಮ್ಮಗಳ ಹೆಸರಿಗೆ. ತೊಟ್ಟಿಲಿಗೆ ಅದೇ ಅವರ ಆಹೇರಿ. "ಗೋವಾಕ್ಕ ಗೋವಾನ ತಿರಗಸಬೇಕಲ್ಲ. ಮ್ಯಾಲೊಂದೀಟ ಹೆಚ್ಚ."

ಅವಳು ಕೈಯಾಡಿಸಿದಾಗ ನೋಡಿದೆ. ಮುಂಗೈಯಲ್ಲಿ ಬಂಗಾರದ ಪಾಟ್ಲಿಗಳಿರಲಿಲ್ಲ. ಹಸಿರು ಗಾಜಿನ ಬಳೆ ಮಾತ್ರ. ಪಾಟ್ಲಿ ಇರುತ್ತಿದ್ದ ಜಾಗದಲ್ಲಿ ಚರ್ಮ ಬಿಳಚಿಕೊಂಡಿತ್ತು.

ಟೈಯವನು ನನ್ನ ಕಡೆ ನೋಡಿ ತಲೆಯಾಡಿಸಿದ. ರೇಣುಕಾ ಪೆನ್ನು ಹಿಡಿದವಳು ನಿಲ್ಲಿಸಿ, "ದೊಡ್ಡವ್ವಾ, ನೀವ ಹೇಳ್ರಿ. ಇನ್ನಷ್ಟು ತಗೊಳ್ಳೂದೋ, ಬಿಡೂದೋ?" ಎಂದಳು.

"ಬ್ಯಾಡ," ಎಂದೆ.

ಬಸವರಾಜ ನಕ್ಕ. "ಯಾಕ್ರಿ, ಟೈ ನೋಡಿ ಹೆದರಿದ್ರೇನು?"

"ಬ್ಯಾಡಂದ್ನೆಲ್ಲ. ಏಳ್ರಿ, ಮನಿಗೆ ಹೋಗೂಣು."

ಕಸ್ತೂರಿಯ ಮುಖ ಇಳಿಯಿತು. "ನಮ್ಮ ಆಹೇರಿ ನಿನಗ ಬ್ಯಾಡಾತೇನಕ್ಕಾ? ನಾವು ಸಣ್ಣ ಮಂದಿ ಅಂತೇನು? ಇಷ್ಟ ಜನರ ಮುಂದ ಬ್ಯಾಡ ಅಂತೀ?"

ಇನ್ನೂ ತಪ್ಪಿಸಿಕೊಳ್ಳಬಹುದಿತ್ತು. ಮೈಯಲ್ಲಿ ಹುಷಾರಿಲ್ಲ ಎನ್ನಬಹುದಿತ್ತು, ತೊಟ್ಟಿಲ ಕಾರ್ಯವೇ ಮುಂದಕ್ಕೆ ಹೋಗಿದೆ ಎನ್ನಬಹುದಿತ್ತು. ಆಮೇಲೆ ಅವರು ನಾನಿಲ್ಲದಾಗ ಬಂದು ಕೊಳ್ಳುತ್ತಿದ್ದರು. ಅಥವಾ ಕಸ್ತೂರಿ ಜೀವಮಾನವಿಡೀ, ಅಕ್ಕ ನನ್ನನ್ನು ಕೀಳಾಗಿ ಕಂಡಳು ಎಂದುಕೊಳ್ಳುತ್ತಿದ್ದಳು. ಯಾವ ಕಡೆ ತಿರುಗಿದರೂ ಗೋಡೆ. ಹೇಳಿಬಿಟ್ಟೆ. ಲಕೋಟೆ ಪುಕ್ಕಟೆ ಬಂದದ್ದು, ಮಾಫಿಯಾದದ್ದು, ಹಿಂದಿನ ದಿನದ ಫೋನು. ವಾರ್ಡಿನಲ್ಲಿ ಪಾಳಿ ಒಪ್ಪಿಸುವ ದನಿಯಲ್ಲೇ ಹೇಳಿದೆ. ನನಗೆ ಬೇರೆ ದನಿ ಬರುವುದಿಲ್ಲ.

ರೇಣುಕಾ ಪೆನ್ನಿಗೆ ಟೊಪ್ಪಿ ಹಾಕಿದಳು. "ಗೋವಾದಿಂದ ಫೋನ್ ಮಾಡಿ ಕೇಳಿದ್ನೆಲ್ಲ… ಆವಾಗೂ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕಸ್ತೂರಿ ಮೇಜಿನ ಮೇಲಿನ ನೀರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಆ ಮಕಮಲ್ಲಿನ ಚೀಲ ಇನ್ನೂ ನಮ್ಮ ದೇವರ ಜಗಲಿ ಮ್ಯಾಲೈತಿ" ಎಂದಳು. ಎದ್ದಳು. "ನಾವು ಬರತೇವ್ರಿ, ಸಿಸ್ಟರ್."

ಮೂವತ್ತು ವರ್ಷ ನನ್ನನ್ನು 'ನೀ' ಎಂದವಳು, 'ಅಕ್ಕಾ' ಎಂದವಳು.

ಅವರು ಮೆಟ್ಟಿಲಿಳಿದು ಹೋದ ಮೇಲೆ ನಾನು ಕೂತೇ ಇದ್ದೆ. ರೇಣುಕಾಳನ್ನು ಬಿಡಿಸುವುದು ಹೇಗೆ ಎಂದು ಕೇಳಿದೆ. ಬಿಡುವುದು ಅವಧಿ ಮುಗಿದವರಿಗೆ ಮಾತ್ರ, ಅವರದು ಇನ್ನೂ ಬಹಳ ಉಳಿದಿದೆ ಎಂದ ಟೈಯವನು. ಬೇರೊಬ್ಬ ಸದಸ್ಯರು ಅವರ ಪಾಯಿಂಟನ್ನೂ ಉಳಿದ ಕಂತನ್ನೂ ತಮ್ಮ ಹೆಸರಿಗೆ ಬರೆಸಿಕೊಂಡರೆ ಮಾತ್ರ ಆದೀತು.

"ನನ್ನ ಹೆಸರಿಗೆ ಬರೀರಿ."

"ಮೇಡಂ, ನಿಮಗೆ ಹೊರಗೆ ಹೋಗ್ಬೇಕಿತ್ತಲ್ಲ?"

"ಇತ್ತು."

ಅವನು ಕಾಗದ ತೆಗೆದ. ನನ್ನ ನಂತರ ಯಾರಿಗೆ ಎಂಬಲ್ಲಿ ಮಗಳ ಹೆಸರು ಬರೆಯಲು ಹೋದವನ ಕೈ ತಡೆದೆ. ಯಾರ ಹೆಸರೂ ಬೇಡ. ಹಾಗಾದರೆ ನಿಮ್ಮೊಂದಿಗೇ ಮುಗಿಯುತ್ತದೆ, ಒಂದು ಬೇರೆ ಅರ್ಜಿ ಕೊಡಬೇಕು ಎಂದ. ಅದಕ್ಕೂ ಸಹಿ ಹಾಕಿದೆ. ಇನ್ನು ಕೋಣೆ ಸಿಗಲಿ ಬಿಡಲಿ, ಬದುಕಿರುವವರೆಗೆ ನಾನು ಅದರೊಳಗೆ. ಇದರಿಂದ ಏನೂ ತೊಳೆದುಹೋಗುವುದಿಲ್ಲ. ಆ ಮಧ್ಯಾಹ್ನ ನಾನು ಫೋನಿನಲ್ಲಿ ಆಡಿದ ಮಾತು ಆಡಿದ ಹಾಗೇ ಇದೆ.

ರೇಣುಕಾಳ ಸಹಿ ಬೇಕಿತ್ತು. ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ ಮುರಗೋಡದಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಕಸ್ತೂರಿಯ ಮನೆಯ ಕಟ್ಟೆಯ ಮೇಲೆ ಬಸವರಾಜ ಕೂತಿದ್ದ. ಕಾಗದ ಕೊಟ್ಟು ಹೇಳಿದೆ. ಅವನು ಒಳಗೆ ಒಯ್ದು ಸಹಿ ಮಾಡಿಸಿ ತಂದ. ರೇಣುಕಾ ಹೊರಗೆ ಬರಲಿಲ್ಲ.

"ಇಲ್ಲೀತನ ನೀವು ತುಂಬಿದ ಕಂತನೂ ನಾ ಕೊಡತೇನಿ," ಎಂದೆ. "ಆಕೀ ಪಾರ್ಲರ್—"

"ಬ್ಯಾಡ್ರಿ," ಎಂದ ಬಸವರಾಜ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮಿಂದ ಇನ್ನೊಂದು ಆಹೇರಿ ಬ್ಯಾಡ."

ಚೀಲ ಎತ್ತಿಕೊಂಡು ತಿರುಗುವಷ್ಟರಲ್ಲಿ ಕಸ್ತೂರಿ ತಂಬಿಗೆಯಲ್ಲಿ ನೀರು ತಂದಳು. ಬಾಗಿಲಿಗೆ ಬಂದವರನ್ನು ಬಾಯಾರಿಸಿ ಕಳಿಸುವ ಮನೆಯಲ್ಲ ಅದು. "ತಗೋರಿ" ಎಂದಳು. 'ಒಳಗ ಬರ್ರಿ' ಎನ್ನಲಿಲ್ಲ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ನಿಂತುಕೊಂಡೇ ಕುಡಿದೆ. ಅಂಗಳದ ನಲ್ಲಿಯಲ್ಲಿ ತಂಬಿಗೆ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ, ಬಸ್ಸಿಗೆ ನಡೆದೆ.