ಗಾಜಿನ ಆಚೆ

ಬಸ್ಸಿನಲ್ಲಿ ಎಲ್ಲರೂ ಅವಳನ್ನು ಕಹಳೆ ಅಕ್ಕ ಎನ್ನುತ್ತಿದ್ದರು. ಹಿಂದಿನ ಬಾಗಿಲಲ್ಲಿ ನಿಂತು, "ಮುಂದೆ ಹೋಗಿ, ಮುಂದೆ ಹೋಗಿ, ಡ್ರೈವರ್ ಏನು ಕಚ್ಚಲ್ಲ" ಎಂದು ಕೂಗಿದರೆ ನಿದ್ದೆಯಲ್ಲಿದ್ದವರೂ ಒಂದು ಹೆಜ್ಜೆ ಸರಿಯುತ್ತಿದ್ದರು. ಕುಡಿದು ಹತ್ತಿದವರನ್ನು ಕತ್ತುಪಟ್ಟಿ ಹಿಡಿದು ಇಳಿಸಿದ ಕಂಡಕ್ಟರ್ ಅವಳು. ಅಂಥವಳು ಹೋಟೆಲಿನ ಕೋಣೆಗೆ ಕಾಲಿಟ್ಟವಳೇ ತಬ್ಬಿಬ್ಬಾಗಿ ನಿಂತುಬಿಟ್ಟಳು.

ಗಂಡ ಹೆಂಡಿರ ಮದುವೆಯ ವಾರ್ಷಿಕೋತ್ಸವಕ್ಕೆಂದು ಮಗಳು ಕೊಟ್ಟ ಉಡುಗೊರೆ ಅದು. ನಗರದ ನಟ್ಟನಡುವಿನ ಹೋಟೆಲು; ಅರಮನೆಯೇನಲ್ಲ, ಆದರೆ ಬಲು ಶೋಕಿಯದು. ಲಿಫ್ಟಿನೊಳಗೆ ಹಾಡು, ಕೋಣೆಯಲ್ಲಿ ಹಳದಿ ಕುರ್ಚಿ, ಇಸ್ತ್ರಿಯ ಗೆರೆ ಕಾಣುವ ಬಿಳಿ ಹೊದಿಕೆ. ಹಾಸಿಗೆಗೂ ಬಚ್ಚಲಿಗೂ ನಡುವೆ ಮಾತ್ರ ಗೋಡೆಯ ಬದಲು ಗಾಜು.

"ಇದೇನ್ರೀ, ಗೋಡೆ ಕಟ್ಟೋದೇ ಮರೆತುಬಿಟ್ರಾ?"

ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ.

ಎರಡು ವರ್ಷದ ಹಿಂದೆ ಗಂಟು ಕಾಣಿಸಿಕೊಂಡು ಆಸ್ಪತ್ರೆಯಲ್ಲಿ ಅವಳ ಎಡ ಸ್ತನವನ್ನು ತೆಗೆದಿದ್ದರು. ಜೀವ ಉಳಿಯಿತು, ಕೆಲಸವೂ ಉಳಿಯಿತು. ಆದರೆ ಅಂದಿನಿಂದ ಗಂಡನ ಎದುರು ಒಂದು ಗುಂಡಿ ಬಿಚ್ಚಿದವಳಲ್ಲ. ಗೊರಕೆಯ ನೆಪ ಹೇಳಿ ಹಾಸಿಗೆಯನ್ನೂ ಬೇರೆ ಕೋಣೆಗೆ ಸಾಗಿಸಿದ್ದಳು. ಗಂಡ ದರ್ಜಿ, ಮದುವೆಯಾದಾಗಿನಿಂದ ಅವಳ ಅಂಗಿಗಳನ್ನು ಹೊಲಿದವನು ಅವನೇ. ಆಪರೇಷನ್ ಆದ ಮೇಲೆ ಅಂಗಿಯೊಳಗೆ ಹತ್ತಿಯ ಮೆತ್ತೆ ಇಡಿಸಬೇಕಾಗಿ ಬಂದಾಗ, ಅವಳು ಡಿಪೋ ಪಕ್ಕದ ದರ್ಜಿ ಹೆಂಗಸಿನ ಹತ್ತಿರ ಕದ್ದುಮುಚ್ಚಿ ಹೊಲಿಸತೊಡಗಿದಳು. ಆ ಅಂಗಿಗಳನ್ನು ತಾನೇ ಒಗೆದು, ತಾನೇ ಬಚ್ಚಿಡುತ್ತಿದ್ದಳು.

ಸಂಜೆ ಮಗಳೊಡನೆ ಊಟವಿತ್ತು. ಬಿಸಿಲಲ್ಲಿ ಬಂದ ಮೈ ಬೆವತು ಅಂಟಂಟಾಗಿತ್ತು. ಪರದೆ ಸಿಗುವುದೋ ಕೇಳೋಣವೆಂದು ಅವಳು ಫೋನ್ ಎತ್ತಿದಳು.

"ಹೇಳಿ ಮೇಡಂ, ಏನು ಬೇಕಿತ್ತು?"

ಬಸ್ಸು ನಿಲ್ಲಿಸುವ ದನಿ ಪಿಸುಗುಟ್ಟಿತು. "ಏನಿಲ್ಲಮ್ಮಾ... ಒಂದು ಸೋಪು."

ಸೋಪು ಬಂತು. ಬಚ್ಚಲಲ್ಲಿ ಆಗಲೇ ಬೇಕಾದಷ್ಟಿದ್ದವು.

"ನಾನು ಕೆಳಗೆ ಕೂತು ಪೇಪರ್ ನೋಡ್ತೀನಿ. ನೀನು ನಿಧಾನಕ್ಕೆ ಸ್ನಾನ ಮಾಡು" ಎಂದು ಗಂಡ ಹೊರಟುಹೋದ.

ಅವಳು ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುತ್ತಿದ್ದಾಗ ಬಾಗಿಲು ತೆರೆಯಿತು. ಗಂಡ ಕನ್ನಡಕ ಮರೆತು ಹೋಗಿದ್ದ.

"ಆಚೆ ಹೋಗ್ರೀ!" ಅವಳು ಬೆನ್ನು ತಿರುಗಿಸಿ ಕುಕ್ಕರಿಸಿದಳು. ಕೂಗು ಹೊರಗಿನ ಕಾರಿಡಾರಿನ ತುದಿಗೂ ಕೇಳಿರಬೇಕು.

ಅವನು ಹೋಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತ. ಅವಳು ತೊಡಲೆಂದು ಹಾಸಿಗೆಯ ಮೇಲೆ ಒಳಮಗ್ಗುಲು ಮಾಡಿ ಹರಡಿದ್ದ ಅಂಗಿ ಅವನ ಕೈಗೆ ಸಿಕ್ಕಿತು. ಮೆತ್ತೆಯನ್ನು ಬೆರಳಲ್ಲಿ ಒತ್ತಿ ನೋಡಿದ.

"ಇದಕ್ಕೇನೇ ಬೇರೆಯವರ ಹತ್ರ ಹೋಗಿದ್ದು?"

"ನಿಮಗೆ ಗೊತ್ತಿತ್ತಾ?"

"ನೀನು ತೊಟ್ಟ ಅಂಗಿ ಕಾಲರ್ ನೋಡಿದ್ರೆ ನನ್ನ ಕೈಯಲ್ಲ ಅಂತ ಗೊತ್ತಾಗಲ್ವಾ? ಗಿರಾಕಿಗಳೂ ಕಮ್ಮಿಯಾದ್ರಲ್ಲ. ನನ್ನ ಕಣ್ಣು ಮಂಜಾಯ್ತು, ಹೊಲಿಗೆ ಸೊಟ್ಟಗಾಯ್ತು, ಹೆಂಡತಿಗೂ ಬೇಡವಾಯ್ತು ಅಂದ್ಕೊಂಡೆ. ಕೇಳೋಕೆ ನಾಚಿಕೆ ಆಯ್ತು ಕಣೇ."

ಅವಳ ಮುಖ ಕಿವಿಯವರೆಗೂ ಕಾದುಹೋಯಿತು. ಮೈ ಕಾಣುತ್ತದೆ ಎಂಬ ನಾಚಿಕೆ ಅವಳಿಗೆ ಹಳೆಯದು, ಅದರೊಡನೆ ಏಗಿ ಗೊತ್ತಿತ್ತು. ಈ ಹೊಸ ನಾಚಿಕೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ತನ್ನನ್ನು ಮುಚ್ಚಿಕೊಳ್ಳುವ ಭರದಲ್ಲಿ ಈ ಮನುಷ್ಯ ಒಬ್ಬನೇ ಕೂತು ಏನೇನು ಅಂದುಕೊಂಡಿರಬಹುದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಟವೆಲು ಸುತ್ತಿಕೊಂಡು ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತಳು.

"ನೋಡಿದ್ರೆ ನಿಮಗೆ ಅಸಹ್ಯ ಆಗತ್ತೇನೋ ಅಂತ..."

"ಅದನ್ನೂ ನೀನೇ ತೀರ್ಮಾನ ಮಾಡಿಬಿಟ್ಟೆ." ಅವನ ದನಿಯಲ್ಲಿ ಸಿಟ್ಟಿತ್ತು. ಅಂಗಿಯನ್ನು ತಿರುಗಿಸಿ ನೋಡಿ, "ಈ ಮೆತ್ತೆ ಕಂಕುಳ ಹತ್ರ ಉಜ್ಜತ್ತಲ್ವಾ?" ಎಂದ.

ಉಜ್ಜುತ್ತಿತ್ತು. ಚರ್ಮ ಕೆಂಪಾಗಿತ್ತು.

"ಎಲ್ಲಿ, ಕೈ ಎತ್ತು."

ಅವಳು ಕಣ್ಣು ಮುಚ್ಚಿಕೊಂಡು ಕೈ ಎತ್ತಿದಳು. ಟವೆಲು ಜಾರಿತು. ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಳ್ಳಲಿಲ್ಲ. ಅವನು ಗೇಣು ಹಾಕಿ ಅಳೆದ, ಅಳತೆಯನ್ನು ಎಂದಿನಂತೆ ಬಾಯಲ್ಲೇ ಗೊಣಗಿಕೊಂಡ.

ಊಟದ ಮೇಜಿನಲ್ಲಿ ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ರೂಮ್ ಇಷ್ಟ ಆಗ್ಲಿಲ್ವೇನಮ್ಮಾ?" ಎಂದು ಮಗಳು ಮುಖ ಸಣ್ಣದು ಮಾಡಿದಳು. "ಚೆನ್ನಾಗಿದೆ" ಎಂದಷ್ಟೇ ಹೇಳಲು ಅವಳಿಗೆ ಸಾಧ್ಯವಾಯಿತು. ಗಂಡ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದ.

ಅವಳ ಸಂಕೋಚ ಒಂದೇ ದಿನಕ್ಕೆ ಬಿಡಲಿಲ್ಲ. ಆಮೇಲೂ ಎಷ್ಟೋ ಸಲ ದೀಪ ಆರಿಸಿಯೇ ಬಟ್ಟೆ ಬದಲಿಸಿದಳು. ಅವನು ಹೊಸ ಅಂಗಿ ಕತ್ತರಿಸಿದ ದಿನ ಮಾತ್ರ ರಜೆ ಹಾಕಿ ಪಕ್ಕದಲ್ಲೇ ಕೂತು, ಕೇಳಿದಾಗಲೆಲ್ಲ ಸೂಜಿಗೆ ದಾರ ಪೋಣಿಸಿ ಕೊಟ್ಟಳು.