ಒಂದೇ ಸಲ ಕೇಳಿದರು

ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು ಬೇಡ ಎನ್ನಬೇಕು. ಹೊಸನಗರದ ಅತ್ತೆ ಮನೆಗೆ ಹೋದಾಗ ಅತ್ತೆ ಕಡುಬು ತಂದರೆ, ಹೊಟ್ಟೆ ತಾಳ ಹಾಕುತ್ತಿದ್ದರೂ, ‘ಬ್ಯಾಡ ಅತ್ತೆ, ಈಗಷ್ಟೇ ಉಂಡ್ಕಂಡ್ ಬಂದೆ’ ಎನ್ನಬೇಕು. ಅತ್ತೆ ಬಿಡುವುದಿಲ್ಲ. ಮೂರನೇ ಒತ್ತಾಯಕ್ಕೆ ತಟ್ಟೆ ಹಿಡಿಯಬೇಕು. ಮೊದಲ ಸಲವೇ ಹಿಡಿದರೆ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನ ಮುಖ ಊದಿಕೊಂಡಿರುತ್ತಿತ್ತು: ‘ಕಡುಬು ಕಂಡಿದ್ದೇ ಇಲ್ವೇನೋ ನೀನು?’

ಈ ಮರ್ಯಾದೆಯನ್ನು ಗಂಟು ಕಟ್ಟಿಕೊಂಡೇ ನಾನು ಯುರೋಪಿನ ಒಂದು ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಹೋದೆ. ಸಾಗರದಲ್ಲಿ ಆಡಿ ಬೆಳೆದು, ಬೆಂಗಳೂರಿನ ಕಿರಿಯರ ತಂಡದಲ್ಲಿ ಕಣ್ಣಿಗೆ ಬಿದ್ದು, ಅಲ್ಲಿಗೆ ಹೋದವನು. ಒಂದು ವರ್ಷದ ಕರಾರು. ಅಷ್ಟರೊಳಗೆ ಮೊದಲ ತಂಡದಲ್ಲಿ ಜಾಗ ಸಿಕ್ಕರೆ ಉಳಿಯಬಹುದು, ಇಲ್ಲದಿದ್ದರೆ ಗಂಟುಮೂಟೆ. ನಾನು ಮಿಡ್‌ಫೀಲ್ಡರ್. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಕೊಡುವ ಕೆಲಸ. ಪಂಕ್ತಿಯಲ್ಲಿ ಬಡಿಸುವವನ ಹಾಗೆ, ಉಣ್ಣುವವರು ಬೇರೆ.

ಚಳಿಗಾಲವೆಲ್ಲ ಬೆಂಚು ಕಾದೆ. ಕಾಲ್ಬೆರಳು ಮರಗಟ್ಟುತ್ತಿತ್ತು, ಕೈ ಯಾರದೋ ಗೋಲಿಗೆ ಚಪ್ಪಾಳೆ ತಟ್ಟುತ್ತಿತ್ತು. ಸಾಗರ–ತೀರ್ಥಹಳ್ಳಿ ಬಸ್ಸಿನ ಡ್ರೈವರಾಗಿದ್ದ ಅಪ್ಪ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: ‘ಆಡ್ಸಿದ್ರಾ?’ ಇಲ್ಲ ಎಂದರೆ, ‘ಆಡ್ಸ್ತಾರೆ ತಗ. ಕೆಲ್ಸ ಗೊತ್ತಿದ್ದೋನ್ನ ಯಾರೂ ಬಿಡಲ್ಲ’ ಎನ್ನುತ್ತಿದ್ದ.

ಮಾರ್ಚಿನಲ್ಲಿ ನನ್ನ ಜಾಗದಲ್ಲಿ ಆಡುತ್ತಿದ್ದ ಹಿರಿಯ ಆಟಗಾರನ ಮೊಣಕಾಲು ಉಳುಕಿತು. ಪಂದ್ಯದ ಹಿಂದಿನ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೋಚ್ ಎಲ್ಲರೆದುರು ನನ್ನತ್ತ ತಿರುಗಿ, ನಾಳೆ ನೀನು ಆಡುತ್ತೀಯಾ ಎಂದು ಕೇಳಿದ. ಚಳಿಗಾಲವೆಲ್ಲ ಕಾದದ್ದು ಆ ಮಾತಿಗೇ. ಆದರೆ ಪಕ್ಕದಲ್ಲೇ ನನಗಿಂತ ಮೊದಲು ಕ್ಲಬ್ಬಿಗೆ ಬಂದು ಅದೇ ಜಾಗಕ್ಕೆ ಕಾಯುತ್ತಿದ್ದ ಇನ್ನೊಬ್ಬ ಕೂತಿದ್ದ. ನನ್ನ ನಾಲಿಗೆ ತಾನಾಗಿಯೇ ಹೊರಳಿತು: ಪರವಾಗಿಲ್ಲ, ಅವನೇ ಆಡಲಿ. ಹೀಗೆ ಹೇಳಿ, ಕೋಚ್ ಇನ್ನೊಮ್ಮೆ ಒತ್ತಾಯ ಮಾಡಲಿ ಎಂದು ನಗುತ್ತ ನಿಂತೆ. ಅವನು ತಲೆಯಾಡಿಸಿ ಪಕ್ಕದವನನ್ನು ಕೇಳಿದ. ಪಕ್ಕದವನು ಮಾತು ಮುಗಿಯುವ ಮೊದಲೇ ಹೂಂ ಎಂದ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಗಾದೆ ಕಟ್ಟಿದವರೂ ನಮ್ಮವರೇ, ಬುದ್ಧಿ ಕಲಿಯದವರೂ ನಾವೇ.

ಅವನು ಚೆನ್ನಾಗಿಯೇ ಆಡಿದ, ಹಾಳಾದವನು. ಉಳಿದ ಪಂದ್ಯಗಳನ್ನೆಲ್ಲ ಅವನೇ ಆಡಿದ. ಮೇ ತಿಂಗಳಲ್ಲಿ ಕೋಚ್ ನನ್ನನ್ನು ಕರೆದು, ಕರಾರು ಮುಂದುವರಿಸುವುದಿಲ್ಲ ಎಂದ. ಕಾಲು ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ, ಹಸಿವು ಮಾತ್ರ ಇಲ್ಲ ಎಂದ. ನನಗೆ ಹಸಿವಿಲ್ಲವಂತೆ! ಮೈಯೆಲ್ಲ ಉರಿಯಿತು. ನಮ್ಮ ಕಡೆಯ ರೀತಿ ಹೀಗೆ ಎಂದು ಹೇಳಲು ಹೊರಟೆ. ನನ್ನ ಹರಕು ಇಂಗ್ಲಿಷಿನಲ್ಲಿ ಅದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿತು. ಕೋಚ್ ಗಡಿಯಾರ ನೋಡಿದ.

ರೂಮಿಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿದ್ದ, ಹಿಂದೆ ಕಂಡಕ್ಟರ್ ಊರುಗಳ ಹೆಸರು ಕೂಗುವುದು ಕೇಳುತ್ತಿತ್ತು. ಮಾರ್ಚಿನಲ್ಲಿ ಕೋಚ್ ಕೇಳಿದ ಆವತ್ತಿನ ವಿಷಯವನ್ನು ನಾನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಈಗ ಎಲ್ಲ ಹೇಳಿ, ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಪ್ಪ ನಿಜಕ್ಕೂ ಅರ್ಥವಾಗದೆ ಕೇಳಿದ:

‘ಅಲ್ಲ ಮಾರಾಯ, ಅವ್ರು ಇನ್ನೊಂದ್ಸಲ ಕೇಳ್ಲೇ ಇಲ್ವಾ?’